ನಾಯಿ ಮಂಕಾಗಿದೆಯಾ? ಉಣ್ಣಿ ಜ್ವರ ಪತ್ತೆ ಮಾಡುವ ಬಗೆ

ನಮ್ಮ ಕೆಂಚ ರಾಗಿ ಮುದ್ದೆ ಮುಂದೆ ಕೂತು ಮುಖ ತಿರುಗಿಸಿದ ದಿನ, ಬಿಸಿಲಿಗೆ ಹೀಗಾಗಿದೆ ಅಂದುಕೊಂಡೆ. ಏಪ್ರಿಲ್ ತಿಂಗಳು, ಸೆಕೆ ಜಾಸ್ತಿ ಇತ್ತು. ಮರುದಿನ ಮೊಸರನ್ನ ಇಟ್ಟೆ. ಎರಡು ಸಲ ನೆಕ್ಕಿ ಹೋಗಿ ಮಲಗಿದ. ನಾಲ್ಕನೇ ದಿನ ಬೆಳಗ್ಗೆ ಜಗಲಿ ಮೇಲೆ ರಕ್ತದ ಹನಿಗಳು ಬಿದ್ದಿದ್ದವು. ಎಡ ಹೊಳ್ಳೆಯಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಮೈ ಮೇಲೆ ಹುಡುಕಿದರೆ ಒಂದು ಉಣ್ಣಿಯೂ ಸಿಗಲಿಲ್ಲ. ಹಾಗಾಗಿಯೇ ಉಣ್ಣಿ ಜ್ವರ ಇರಬಹುದು ಅಂತ ನನಗೆ ಹೊಳೆದಿರಲಿಲ್ಲ.

ಕೆಂಚ ಬದುಕಿದ. ಆದರೆ ಆ ಮೂರು ದಿನ ನಾನು ನೋಡಬೇಕಾದ ಜಾಗ ನೋಡಿರಲಿಲ್ಲ. ತುಟಿ ಎತ್ತಿ ಒಸಡು ನೋಡಿದ್ದರೆ ಮೊದಲ ದಿನವೇ ಸುಳಿವು ಸಿಗುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಖರ್ಚಿಲ್ಲದೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು ಮೊದಲು, ಲ್ಯಾಬ್ ಆಮೇಲೆ.

ರೋಗ ಯಾವುದು, ಎಷ್ಟಿದೆ

ಉಣ್ಣಿ ಜ್ವರ, ಟಿಕ್ ಫೀವರ್ ಅಂತ ನಾವು ಕರೆಯುವುದು ಒಂದೇ ರೋಗವಲ್ಲ. ನಮ್ಮ ಕಡೆ ಅದರಲ್ಲಿ ಮುಖ್ಯವಾದದ್ದು ಎರ್ಲಿಕಿಯಾ ಕೇನಿಸ್ ಅನ್ನುವ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ. ಇದು ನಾಯಿಯ ಬಿಳಿ ರಕ್ತಕಣದ ಒಳಗೆ ಹೊಕ್ಕು ಅಲ್ಲೇ ಬೆಳೆಯುತ್ತದೆ. ಇದನ್ನು ಮೊದಲು ಗುರುತಿಸಿದ್ದು 1935ರಲ್ಲಿ, ಅಲ್ಜೀರಿಯದಲ್ಲಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ನೂರಾರು ನಾಯಿಗಳು, ಹೆಚ್ಚಾಗಿ ಜರ್ಮನ್ ಶೆಫರ್ಡ್‌ಗಳು, ಇದಕ್ಕೆ ಬಲಿಯಾದ ಮೇಲೆ ಜಗತ್ತು ಇದನ್ನು ಗಂಭೀರವಾಗಿ ತೆಗೆದುಕೊಂಡಿತು. ಇವತ್ತಿಗೂ ಜರ್ಮನ್ ಶೆಫರ್ಡ್ ಸಾಕಿದವರು ಬೇರೆಯವರಿಗಿಂತ ಹೆಚ್ಚು ಎಚ್ಚರ ಇರಬೇಕು. ಈ ತಳಿಯಲ್ಲಿ ರೋಗ ಜೋರಾಗಿ ಬರುತ್ತದೆ.

ಹರಡುವುದು ಕಂದು ಬಣ್ಣದ ನಾಯಿ ಉಣ್ಣಿ. ಮಲೆನಾಡಿನಲ್ಲಿ ಉಣುಗು ಅನ್ನುತ್ತಾರಲ್ಲ, ಆ ಗುಂಪಿನದೇ. ಬೆಚ್ಚಗಿನ ಹವೆ ಇರುವ ಎಲ್ಲ ಕಡೆ ಇದು ವರ್ಷಪೂರ್ತಿ ಬದುಕುತ್ತದೆ. ಮುಂಬೈ, ದೆಹಲಿ, ಸಿಕ್ಕಿಂ, ಲಡಾಖ್ ಈ ನಾಲ್ಕು ಕಡೆಯ 525 ನಾಯಿಗಳ ರಕ್ತ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ನಾಯಿಗೆ ಎರ್ಲಿಕಿಯಾ ಸಿಕ್ಕಿತ್ತು. ಅವು ಬೀದಿಯ ಮತ್ತು ಆಶ್ರಯ ತಾಣಗಳ ನಾಯಿಗಳು. ಮನೆ ನಾಯಿಯ ಲೆಕ್ಕ ಬೇರೆ ಇರಬಹುದು. ಆದರೆ ಗೇಟಿನ ಹೊರಗೆ ವಾಕಿಂಗ್ ಹೋಗುವ ನಮ್ಮ ನಾಯಿ ಓಡಾಡುವುದೂ ಅದೇ ಬೀದಿಯಲ್ಲಿ, ಅಲ್ವಾ?

ಇವು ಕಂಡರೆ ಮುಂದೆ ಓದಬೇಡಿ, ಹೊರಡಿ

ಒಸಡು ಸುಣ್ಣದ ಹಾಗೆ ಬೆಳ್ಳಗಾಗಿದ್ದರೆ. ಮೂಗಿನ ರಕ್ತ ಹತ್ತು ನಿಮಿಷವಾದರೂ ನಿಲ್ಲದಿದ್ದರೆ. ಮಲ ಡಾಂಬರಿನ ಹಾಗೆ ಕಪ್ಪಾಗಿದ್ದರೆ. ಎದ್ದು ನಿಲ್ಲಲಾಗದೆ ಕುಸಿದರೆ, ಮಲಗಿದ್ದಾಗಲೂ ಏದುಸಿರು ಬಿಡುತ್ತಿದ್ದರೆ, ಫಿಟ್ಸ್ ಬಂದರೆ. ಜ್ವರ 105 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ. ಇವುಗಳಲ್ಲಿ ಒಂದಿದ್ದರೂ ಅದು ರಕ್ತ ಹಾಕಬೇಕಾದ ಸ್ಥಿತಿ ಇರಬಹುದು. ನಾಳೆ ನೋಡೋಣ ಅನ್ನುವ ಮಾತೇ ಬೇಡ.

ಊಟ ಬಿಟ್ಟಿದೆ, ಮೂಲೆ ಹಿಡಿದಿದೆ

ಮೊದಲು ಜ್ವರ ನೋಡಿ. ಮೂಗು ಒಣಗಿದ್ದರೆ ಜ್ವರ, ಒದ್ದೆ ಇದ್ದರೆ ಇಲ್ಲ ಅನ್ನುವ ಮಾತನ್ನು ನಂಬಬೇಡಿ. ನೂರಿನ್ನೂರು ರೂಪಾಯಿಯ ಡಿಜಿಟಲ್ ಥರ್ಮಾಮೀಟರ್ ಒಂದನ್ನು ನಾಯಿಗೇ ಅಂತ ಇಟ್ಟುಕೊಳ್ಳಿ. ತುದಿಗೆ ಕೊಬ್ಬರಿ ಎಣ್ಣೆ ಸವರಿ, ಬಾಲ ಎತ್ತಿ, ಗುದದೊಳಗೆ ಒಂದಂಗುಲದಷ್ಟು ಮೆಲ್ಲಗೆ ಸೇರಿಸಿ. ಒಬ್ಬರು ತಲೆ ಹಿಡಿದು ಮಾತಾಡಿಸುತ್ತಿದ್ದರೆ ಸಲೀಸು. ಆಮೇಲೆ ಸೋಪು ಹಾಕಿ ತೊಳೆದು ಸ್ಪಿರಿಟ್‌ನಿಂದ ಒರೆಸಿ.

ನಾಯಿಗೆ 101ರಿಂದ 102.5 ಸಹಜ. ನಮಗೆ ಜ್ವರ ಅನಿಸುವ ಅಂಕಿ ಅವಕ್ಕೆ ಆರೋಗ್ಯ. 103 ದಾಟಿದರೆ ಜ್ವರ. ಬಿಸಿಲಲ್ಲಿ ಓಡಿ ಬಂದಿದ್ದರೆ ಅರ್ಧ ಗಂಟೆ ನೆರಳಲ್ಲಿ ಮಲಗಿಸಿ ಮತ್ತೊಮ್ಮೆ ನೋಡಿ. ಆಗಲೂ 103ಕ್ಕಿಂತ ಹೆಚ್ಚಿದ್ದು, ಊಟವನ್ನೂ ಬಿಟ್ಟಿದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. 99ಕ್ಕಿಂತ ಕೆಳಗಿದ್ದರೆ ಅದು ಜ್ವರಕ್ಕಿಂತ ಕೆಟ್ಟದ್ದು.

ಜ್ವರ ಇಲ್ಲ ಅಂದ ಮಾತ್ರಕ್ಕೆ ಈ ರೋಗ ಇಲ್ಲ ಅಂತಲ್ಲ. ಹಳೆಯದಾದ ಸೋಂಕಿನಲ್ಲಿ ಜ್ವರ ಇರದೇ ಇರಬಹುದು.

ಇಲ್ಲಿ ಒಂದು ಮಾತು ದಯವಿಟ್ಟು ಕೇಳಿ. ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್, ಆಸ್ಪಿರಿನ್ ಯಾವುದನ್ನೂ ಕೊಡಬೇಡಿ. ನಾಯಿಯ ದೇಹ ಇವನ್ನು ನಮ್ಮ ಹಾಗೆ ಅರಗಿಸಿಕೊಳ್ಳುವುದಿಲ್ಲ. ಅದರಲ್ಲೂ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಕುಸಿದಿರುವ ನಾಯಿಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಟ್ಟರೆ ಒಳಗೇ ರಕ್ತ ಸೋರಬಹುದು. ಜ್ವರ ಇಳಿಸಲು ಹೊಟ್ಟೆ, ಪಾದಗಳ ಮೇಲೆ ತಣ್ಣೀರಿನ ಬಟ್ಟೆ ಹಾಕಿದರೆ ಸಾಕು. ಐಸ್ ಬೇಡ.

ಮೈ ಮೇಲೆ ಉಣ್ಣಿ ಕಾಣುತ್ತಿಲ್ಲ

ಕಾಣದಿದ್ದರೆ ಹುಡುಕಿ. ಕಣ್ಣಿಂದ ಅಲ್ಲ, ಬೆರಳಿಂದ. ಕಿವಿಯ ಒಳಮಡಿಕೆ, ಕಿವಿಯ ಹಿಂದೆ, ಕತ್ತಿನ ಪಟ್ಟಿಯ ಕೆಳಗೆ, ಕಂಕುಳು, ತೊಡೆಸಂದು, ಬಾಲದ ಬುಡ, ಕಾಲ್ಬೆರಳ ಸಂದು. ಬೆರಳುಗಳ ನಡುವಿನ ಚರ್ಮವನ್ನು ಅಗಲಿಸಿ ನೋಡಬೇಕು. ಮರಿ ಉಣ್ಣಿ ಸಾಸಿವೆಗಿಂತ ಸಣ್ಣದು. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣಿ ಹರಳು ಬೀಜದ ಹಾಗೆ, ಬೂದು ಬಣ್ಣಕ್ಕೆ ತಿರುಗಿರುತ್ತದೆ.

ಸಿಕ್ಕರೆ ಚಿಮಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನೇರವಾಗಿ ಮೆಲ್ಲಗೆ ಎಳೆಯಿರಿ. ಸ್ಪಿರಿಟ್ ಇರುವ ಸಣ್ಣ ಬಾಟಲಿಗೆ ಹಾಕಿ. ಬೆಂಕಿಕಡ್ಡಿ ತಾಗಿಸುವುದು, ಸೀಮೆಎಣ್ಣೆ ಸುರಿಯುವುದು, ಉಗುರಲ್ಲಿ ಹೊಸಕುವುದು ಯಾವುದೂ ಬೇಡ. ಸೀಮೆಎಣ್ಣೆ ನಾಯಿಯ ಚರ್ಮ ಸುಡುತ್ತದೆ. ಹೊಸಕಿದರೆ ಅದರ ರಕ್ತ ನಿಮ್ಮ ಬೆರಳಿನ ಗಾಯಕ್ಕೆ ತಾಗುತ್ತದೆ.

ಒಂದೂ ಸಿಗದಿದ್ದರೆ? ಸಮಾಧಾನ ಪಟ್ಟುಕೊಳ್ಳಬೇಡಿ. ಉಣ್ಣಿ ಕಚ್ಚಿ ಮೂರು ಗಂಟೆಯಲ್ಲೇ ಎರ್ಲಿಕಿಯಾ ನಾಯಿಗೆ ದಾಟಬಲ್ಲದು. ರೋಗದ ಲಕ್ಷಣ ಹೊರಗೆ ಬರುವುದು 8ರಿಂದ 20 ದಿನ ಕಳೆದ ಮೇಲೆ. ಅಷ್ಟರಲ್ಲಿ ಆ ಉಣ್ಣಿ ಹೊಟ್ಟೆ ತುಂಬಿಸಿಕೊಂಡು ಉದುರಿ ಹೋಗಿರುತ್ತದೆ. ಕೆಂಚನಿಗೆ ಆಗಿದ್ದು ಇದೇ. ಹಾಗಾಗಿ ಡಾಕ್ಟರ್ "ಉಣ್ಣಿ ಇತ್ತಾ?" ಅಂತ ಕೇಳಿದರೆ, ಇವತ್ತಿನದಲ್ಲ, ಕಳೆದ ಒಂದು ತಿಂಗಳ ಲೆಕ್ಕ ಹೇಳಿ.

ಒಸಡು ಬಿಳಿಚಿದೆ, ಹೊಟ್ಟೆ ಮೇಲೆ ಕೆಂಪು ಚುಕ್ಕೆ

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಪರೀಕ್ಷೆ ಇದು. ಬೆಳಕಿರುವ ಕಡೆ ನಾಯಿಯನ್ನು ಕೂರಿಸಿ, ಕೋರೆಹಲ್ಲಿನ ಮೇಲಿನ ತುಟಿ ಎತ್ತಿ. ಆರೋಗ್ಯವಾಗಿರುವ ಒಸಡು ತಿಳಿ ಗುಲಾಬಿ ಬಣ್ಣ, ಒದ್ದೆ ಒದ್ದೆ. ಹೆಬ್ಬೆರಳಿಂದ ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು. ತಡವಾದರೆ, ಅಥವಾ ಒತ್ತುವ ಮೊದಲೇ ಬೆಳ್ಳಗಿದ್ದರೆ, ರಕ್ತ ಕಡಿಮೆಯಾಗಿದೆ ಅಥವಾ ಸರಿಯಾಗಿ ಓಡುತ್ತಿಲ್ಲ. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು. ಅಂಥವಕ್ಕೆ ಕೆಳ ರೆಪ್ಪೆ ಜಗ್ಗಿ ಒಳಗಿನ ಬಣ್ಣ ನೋಡಿ. ನಾಯಿ ಚೆನ್ನಾಗಿರುವಾಗಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಕಾಯಿಲೆ ದಿನ ಹೋಲಿಸಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಆಮೇಲೆ ಅಂಗಾತ ಮಲಗಿಸಿ ಹೊಟ್ಟೆಯ ಕೂದಲಿಲ್ಲದ ಭಾಗ ನೋಡಿ. ಗುಂಡುಸೂಜಿಯ ತಲೆಯಷ್ಟು ಕೆಂಪು ಚುಕ್ಕೆಗಳಿವೆಯಾ? ಮೇಲೆ ಒಂದು ಗಾಜಿನ ಲೋಟ ಒತ್ತಿ. ಚುಕ್ಕೆ ಮಾಯವಾದರೆ ಬರೀ ಉರಿಯೂತ, ಅಲರ್ಜಿ ಇರಬಹುದು. ಒತ್ತಿದರೂ ಹಾಗೇ ಉಳಿದರೆ ಚರ್ಮದೊಳಗೆ ರಕ್ತ ಸೋರಿದೆ, ಅಂದರೆ ಪ್ಲೇಟ್‌ಲೆಟ್ ಕುಸಿದಿರುವ ಸೂಚನೆ. ಡೆಂಗಿ ನೋಡಿದವರಿಗೆ ಇದು ಗೊತ್ತಿರುವ ಕಥೆಯೇ.

ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ ಗಡ್ಡೆ ಕಟ್ಟಿದ ಹಾಗೆ ಸಿಕ್ಕರೆ ದುಗ್ಧಗ್ರಂಥಿ (ಲಿಂಫ್ ನೋಡ್) ಊದಿದೆ. ಅದನ್ನೂ ಡಾಕ್ಟರ್‌ಗೆ ಹೇಳಿ.

ಮೂಗಿನಿಂದ ರಕ್ತ

ಗಾಬರಿಯಾಗಬೇಡಿ. ಗಾಬರಿ ನಾಯಿಗೂ ಅಂಟುತ್ತದೆ, ಬಿಪಿ ಏರಿ ರಕ್ತ ಹೆಚ್ಚು ಸುರಿಯುತ್ತದೆ. ತಣ್ಣನೆಯ ನೆಲದ ಮೇಲೆ ಮಲಗಿಸಿ, ಬಟ್ಟೆಯಲ್ಲಿ ಸುತ್ತಿದ ಐಸನ್ನು ಮೂಗಿನ ಮೇಲ್ಭಾಗಕ್ಕೆ ಹಿಡಿಯಿರಿ. ಹೊಳ್ಳೆಗೆ ಹತ್ತಿ ತುರುಕಬೇಡಿ, ತಲೆ ಮೇಲಕ್ಕೆ ಎತ್ತಿ ಹಿಡಿಯಬೇಡಿ, ನಮ್ಮ ಮೂಗಿನ ಡ್ರಾಪ್ಸ್ ಹಾಕಬೇಡಿ.

ಒಂದೇ ಹೊಳ್ಳೆಯಿಂದ ಬಂದರೆ ಹುಲ್ಲುಕಡ್ಡಿ ಚುಚ್ಚಿರಬಹುದು, ಮೂಗಿನೊಳಗೆ ಗಡ್ಡೆ ಇರಬಹುದು, ಇಲಿ ಪಾಷಾಣ ತಿಂದಿರಬಹುದು, ಉಣ್ಣಿ ಜ್ವರವೂ ಇರಬಹುದು. ಹೊರಗಿನಿಂದ ನೋಡಿ ತೀರ್ಮಾನಿಸಲಾಗದು. ಮನೆಯಲ್ಲಿ ಇಲಿಗೆ ಮದ್ದು ಇಟ್ಟಿದ್ದರೆ ಅದರ ಪ್ಯಾಕೆಟ್ ಜೊತೆಗೆ ಒಯ್ಯಿರಿ. ರಕ್ತ ನಿಂತರೂ ಆಸ್ಪತ್ರೆಗೆ ಹೋಗಲೇಬೇಕು. ಅಲ್ಲಿವರೆಗೆ ಮೂಳೆ ಕಡಿಯಲು ಕೊಡುವುದು, ಕುಸ್ತಿ ಆಟ, ಕತ್ತಿನ ಪಟ್ಟಿ ಜಗ್ಗುವುದು ಬಂದ್.

ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ

ಇಲ್ಲಿ ದಾರಿ ಕವಲೊಡೆಯುತ್ತದೆ. ಮೂತ್ರ ಕಂದು ಅಥವಾ ಕೆಂಪಾಗಿ, ಕಣ್ಣಿನ ಬಿಳಿ ಭಾಗ ಹಳದಿಯಾಗಿದ್ದರೆ ಕೆಂಪು ರಕ್ತಕಣಗಳು ಒಡೆಯುತ್ತಿರಬಹುದು. ಆಗ ಬೆಬೀಸಿಯಾ ಮೇಲೆ ಅನುಮಾನ. ಅದೂ ಉಣ್ಣಿಯಿಂದಲೇ ಬರುತ್ತದೆ, ಆದರೆ ಬ್ಯಾಕ್ಟೀರಿಯಾ ಅಲ್ಲ, ಮಲೇರಿಯಾದ ಹಾಗೆ ರಕ್ತಕಣದಲ್ಲಿ ಕೂರುವ ಪರಾವಲಂಬಿ. ಅದರಲ್ಲಿ ಬೆಬೀಸಿಯಾ ಗಿಬ್ಸೋನಿ ಎಂಬ ಬಗೆಯನ್ನು 1910ರಲ್ಲಿ ಮೊದಲು ವಿವರಿಸಿದ್ದೇ ಮದ್ರಾಸಿನ ಬೇಟೆ ನಾಯಿಗಳಲ್ಲಿ. ಎರ್ಲಿಕಿಯಾಗೆ ಕೊಡುವ ಔಷಧಿಯೊಂದೇ ಇದಕ್ಕೆ ಸಾಲದು. ಎರಡೂ ಒಟ್ಟಿಗೆ ಬರುವುದೂ ಉಂಟು.

ಹಳದಿ ಕಣ್ಣು, ಗಾಢ ಮೂತ್ರ ಇಲಿ ಜ್ವರದ ಲಕ್ಷಣವೂ ಹೌದು. ಅದು ನಾಯಿಯ ಮೂತ್ರದಿಂದ ಮನುಷ್ಯರಿಗೆ ಬರುತ್ತದೆ. ಹಾಗಾಗಿ ಯಾವ ರೋಗ ಅಂತ ತಿಳಿಯುವವರೆಗೆ ಕೈಗವಸು ಇಲ್ಲದೆ ಮೂತ್ರ ಒರೆಸಬೇಡಿ, ಮಕ್ಕಳನ್ನು ದೂರ ಇಡಿ.

ಕಣ್ಣು ಮಂಜಾಗಿದೆ, ಕುಂಟುತ್ತಿದೆ, ಸುಮ್ನೆ ಬಡವಾಗುತ್ತಿದೆ

ಇವೂ ಎರ್ಲಿಕಿಯಾದ ಮುಖಗಳೇ. ಕಣ್ಣು ನೀಲಿಯಾಗಿ ಮಬ್ಬಾದರೆ, ಕೆಂಪಾಗಿ ನೋವಾದರೆ ತಡ ಮಾಡಿದಷ್ಟು ದೃಷ್ಟಿಗೆ ಅಪಾಯ. ಮೊದಲ ಎರಡರಿಂದ ನಾಲ್ಕು ವಾರದ ಜ್ವರದ ಹಂತ ಕೆಲವು ನಾಯಿಗಳಲ್ಲಿ ತಾನಾಗಿಯೇ ಇಳಿದ ಹಾಗೆ ಕಾಣುತ್ತದೆ. ಊಟ ಮಾಡುತ್ತದೆ, ಬೊಗಳುತ್ತದೆ. ನಾವು ವಾಸಿಯಾಯಿತು ಅನ್ನುತ್ತೇವೆ. ಬ್ಯಾಕ್ಟೀರಿಯಾ ಮಾತ್ರ ಒಳಗೇ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿದಿರುತ್ತದೆ. ಕೆಲವು ನಾಯಿಗಳಲ್ಲಿ ಕೊನೆಗೆ ಅದು ಮೂಳೆ ಮಜ್ಜೆಯನ್ನೇ ಹಾಳು ಮಾಡುತ್ತದೆ. ಆಗ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಕುಸಿಯುತ್ತವೆ. ಆ ಹಂತದಿಂದ ನಾಯಿಯನ್ನು ಹಿಂದಕ್ಕೆ ತರುವುದು ಬಹಳ ಕಷ್ಟ. ತಾನಾಗಿ ಇಳಿದ ಜ್ವರವನ್ನೂ ಒಮ್ಮೆ ಪರೀಕ್ಷೆ ಮಾಡಿಸಿ ಅಂತ ನಾನು ಒತ್ತಾಯಿಸುವುದು ಇದಕ್ಕೇ.

ಲ್ಯಾಬಿನಲ್ಲಿ: ಯಾವ ಪರೀಕ್ಷೆ ಏನು ಹೇಳುತ್ತದೆ

ಮೊದಲನೆಯದು ರಕ್ತಕಣಗಳ ಎಣಿಕೆ, ಸಿಬಿಸಿ. ಹೆಚ್ಚು ಖರ್ಚಿಲ್ಲ. ನಾಯಿಗೆ ಪ್ಲೇಟ್‌ಲೆಟ್ ಸುಮಾರು 2 ಲಕ್ಷದಿಂದ 5 ಲಕ್ಷ ಇರಬೇಕು. ಈ ರೋಗದಲ್ಲಿ ಬಹುತೇಕ ಎಲ್ಲ ನಾಯಿಗಳಲ್ಲೂ ಅದು ಇಳಿಯುತ್ತದೆ. ಆದರೆ ಯಂತ್ರದ ಎಣಿಕೆ ಒಂದನ್ನೇ ನಂಬಬಾರದು. ರಕ್ತ ತೆಗೆಯುವಾಗ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡರೆ ಯಂತ್ರ ಕಡಿಮೆ ತೋರಿಸುತ್ತದೆ. "ಸ್ಲೈಡಿನಲ್ಲೂ ಕಡಿಮೆ ಇದೆಯಾ ಡಾಕ್ಟ್ರೇ?" ಅಂತ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಎರಡನೆಯದು ಸ್ಮಿಯರ್. ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು. ಬಿಳಿ ಕಣದೊಳಗೆ ಹಿಪ್ಪುನೇರಳೆ ಹಣ್ಣಿನ ಹಾಗೆ ಗೊಂಚಲು ಕಂಡರೆ ಎರ್ಲಿಕಿಯಾ ಖಚಿತ. ಸಮಸ್ಯೆ ಏನೆಂದರೆ, ರೋಗ ಇದ್ದರೂ ಆ ಗೊಂಚಲು ಕಣ್ಣಿಗೆ ಬೀಳುವುದು ತೀರಾ ಅಪರೂಪ. ಕಿವಿಯ ತುದಿಯಿಂದ ತೆಗೆದ ರಕ್ತದಲ್ಲಿ ಸಿಗುವ ಸಂಭವ ಸ್ವಲ್ಪ ಹೆಚ್ಚು. ಕೆಂಚನ ಮೊದಲ ಸ್ಮಿಯರ್ ವರದಿಯಲ್ಲಿ "ಏನೂ ಕಂಡಿಲ್ಲ" ಅಂತಿತ್ತು. ಅದನ್ನು ನಾನು "ಏನೂ ಇಲ್ಲ" ಅಂತ ಓದಿಕೊಂಡೆ. ಎರಡೂ ಒಂದೇ ಅಲ್ಲ. ಬೆಬೀಸಿಯಾ ಹುಡುಕಲು ಮಾತ್ರ ಸ್ಮಿಯರ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೂರನೆಯದು ಕಿಟ್. ಹತ್ತು ಹದಿನೈದು ನಿಮಿಷದಲ್ಲಿ ಗೆರೆ ಅಥವಾ ಚುಕ್ಕೆ ಮೂಡುತ್ತದೆ. ಇದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತದೆ. ಹಾಗಾಗಿ ಎರಡು ಕಡೆ ಎಡವಬಹುದು. ಸೋಂಕು ತಗುಲಿದ ಮೊದಲ ಒಂದೆರಡು ವಾರ ಪ್ರತಿಕಾಯ ಹುಟ್ಟಿರುವುದಿಲ್ಲ, ಕಿಟ್ ನೆಗೆಟಿವ್. ವಾಸಿಯಾದ ಮೇಲೂ ಪ್ರತಿಕಾಯ ತಿಂಗಳುಗಟ್ಟಲೆ ಉಳಿಯುತ್ತದೆ, ಕಿಟ್ ಪಾಸಿಟಿವ್. ಚಿಕಿತ್ಸೆ ಮುಗಿದ ಮೇಲೆ ಗುಣವಾಯಿತಾ ಅಂತ ನೋಡಲು ಕಿಟ್ ಮಾಡಿಸಿದರೆ ಹಣ ದಂಡ.

ನಾಲ್ಕನೆಯದು ಪಿಸಿಆರ್. ರೋಗಾಣುವಿನ ಡಿಎನ್ಎಯನ್ನೇ ಹುಡುಕುವ ಪರೀಕ್ಷೆ. ದುಬಾರಿ, ವರದಿಗೆ ದಿನ ಹಿಡಿಯುತ್ತದೆ. ಆದರೆ ಕಿಟ್‌ಗಿಂತ ಮೊದಲೇ ರೋಗ ಹಿಡಿಯುತ್ತದೆ, ಎರ್ಲಿಕಿಯಾ, ಬೆಬೀಸಿಯಾ, ಅನಾಪ್ಲಾಸ್ಮಾ (ಉಣ್ಣಿಯಿಂದಲೇ ಬರುವ ಇನ್ನೊಂದು ಬ್ಯಾಕ್ಟೀರಿಯಾ) ಯಾವುದು ಅಂತ ಬಿಡಿಸಿ ಹೇಳುತ್ತದೆ. ಔಷಧಿ ಶುರು ಮಾಡುವ ಮೊದಲೇ ಇದಕ್ಕೆ ರಕ್ತ ಕೊಡಬೇಕು. ಆಮೇಲೆ ಕೊಟ್ಟರೆ ರೋಗಾಣು ಕಡಿಮೆಯಾಗಿ ನೆಗೆಟಿವ್ ಬರಬಹುದು. ನಿಮ್ಮೂರಿನಲ್ಲಿ ದಾರಿ ಕಾಣದಿದ್ದರೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ವಿಚಾರಿಸಿ.

ರಕ್ತ ತೆಗೆದ ಜಾಗವನ್ನು ಐದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪ್ಲೇಟ್‌ಲೆಟ್ ಕಡಿಮೆ ಇರುವ ನಾಯಿಗೆ ಸೂಜಿ ಚುಚ್ಚಿದ್ದೂ ದೊಡ್ಡ ಗಾಯವೇ.

ಮಾತ್ರೆ ಕೊಟ್ಟರೂ ಸುಧಾರಿಸಿಲ್ಲ

ಎರ್ಲಿಕಿಯಾಗೆ ಸಾಮಾನ್ಯವಾಗಿ ಕೊಡುವುದು ಡಾಕ್ಸಿಸೈಕ್ಲಿನ್, 28 ದಿನ. ಪ್ರಮಾಣ ತೂಕದ ಮೇಲೆ ಡಾಕ್ಟರ್ ಹೇಳಬೇಕು. ಹೊಸ ಸೋಂಕಾದರೆ ಒಂದರಿಂದ ಮೂರು ದಿನದಲ್ಲಿ ಜ್ವರ ಇಳಿದು ಊಟ ಶುರುವಾಗುತ್ತದೆ. ಮೂರು ದಿನ ಕಳೆದರೂ ಬದಲಾವಣೆ ಇಲ್ಲದಿದ್ದರೆ ಮತ್ತೆ ಹೋಗಿ. ಜೊತೆಗೆ ಬೆಬೀಸಿಯಾ ಇರಬಹುದು, ರೋಗ ಹಳೆಯದಿರಬಹುದು, ಅಥವಾ ರೋಗವೇ ಬೇರೆ ಇರಬಹುದು.

ಮಾತ್ರೆ ವಾಂತಿಯಾಗುತ್ತಿದ್ದರೆ ಅದೂ ಕಾರಣ. ಖಾಲಿ ಹೊಟ್ಟೆಯಲ್ಲಿ ಕೊಡಬೇಡಿ. ಹಾಲು, ಮೊಸರಿನ ಜೊತೆ ಬೇಡ, ಔಷಧಿ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಅನ್ನದ ಉಂಡೆಯಲ್ಲಿಟ್ಟು ಕೊಟ್ಟು, ಹಿಂದೆಯೇ ಇನ್ನೆರಡು ತುತ್ತು ತಿನ್ನಿಸಿ ನೀರು ಕುಡಿಸಿ. ಒಣ ಮಾತ್ರೆ ಗಂಟಲ ಕೊಳವೆಯಲ್ಲಿ ಅಂಟಿಕೊಂಡರೆ ಅಲ್ಲಿ ಹುಣ್ಣಾಗುತ್ತದೆ. ಬಸುರಿ ನಾಯಿ, ಸಣ್ಣ ಮರಿ ಆದರೆ ಮೊದಲೇ ತಿಳಿಸಿ.

ಐದನೇ ದಿನ ನಾಯಿ ಗೇಟಿಗೆ ಓಡಿ ಬೊಗಳಿದಾಗ ಮಾತ್ರೆ ನಿಲ್ಲಿಸುವ ಆಸೆ ಬರುತ್ತದೆ. ನಿಲ್ಲಿಸಬೇಡಿ. ವಾರಕ್ಕೊಮ್ಮೆ ಪ್ಲೇಟ್‌ಲೆಟ್ ನೋಡಿಸಿ, 28 ದಿನ ಮುಗಿಸಿ.

ಮನೆಯವರಿಗೆ ಬರುತ್ತದಾ?

ನಾಯಿಯನ್ನು ಮುಟ್ಟಿದರೆ, ಅದು ನೆಕ್ಕಿದರೆ ಎರ್ಲಿಕಿಯಾ ನಮಗೆ ಬರುವುದಿಲ್ಲ. ಮಲೆನಾಡಿನ ಗೆಳೆಯರು ಇದನ್ನು ಮಂಗನ ಕಾಯಿಲೆ ಜೊತೆ ಸೇರಿಸಿ ಹೆದರುತ್ತಾರೆ. ಅದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ವೈರಸ್. ಅದನ್ನು ಮುಖ್ಯವಾಗಿ ಹರಡುವುದು ಬೇರೆ ಜಾತಿಯ ಕಾಡಿನ ಉಣುಗು. ಕಾಡಿಗೆ ಹೋಗಿ ಬರುವ ನಾಯಿಯ ಮೈ ಮಾತ್ರ ಅಂಗಳದಲ್ಲೇ ಹುಡುಕಿ ಒಳಗೆ ಬಿಡಿ. ಉಣ್ಣಿ ನಿಮಗೇ ಕಚ್ಚಿ ಜ್ವರ ಬಂದರೆ ಡಾಕ್ಟರ್ ಹತ್ತಿರ ಆ ವಿಷಯ ಹೇಳಲು ಮರೆಯಬೇಡಿ.

ವಾಸಿಯಾಗಿತ್ತು, ಮತ್ತೆ ಬಂತು

ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಅನ್ನುವ ರಕ್ಷಣೆ ಈ ರೋಗದಲ್ಲಿಲ್ಲ. ಲಸಿಕೆಯೂ ಇಲ್ಲ. ಕೆಂಚನಿಗೆ ಆರು ತಿಂಗಳ ನಂತರ ಮತ್ತೆ ಜ್ವರ ಬಂದಾಗ ನಾನು ಔಷಧಿಯನ್ನು ಬೈದೆ. ತಪ್ಪು ಮನೆಯಲ್ಲೇ ಇತ್ತು. ಅವನು ಮಲಗುವ ಜಾಗದ ಮೇಲಿನ ಗೋಡೆಯಿಂದ ಹಳೆಯ ಕ್ಯಾಲೆಂಡರ್ ತೆಗೆದೆ. ಅದರ ಹಿಂದೆ, ಮೊಳೆಯ ಸುತ್ತ, ಉಣ್ಣಿಗಳು ಸಾಲಾಗಿ ಕೂತಿದ್ದವು.

ಈ ಉಣ್ಣಿ ರಕ್ತ ಕುಡಿದ ಮೇಲೆ ನಾಯಿಯಿಂದ ಉದುರಿ ಗೋಡೆ ಹತ್ತುತ್ತದೆ. ಬಿರುಕು, ಫೋಟೊ ಹಿಂಭಾಗ, ಮಂಚದ ಸಂದು, ಗೋಣಿಚೀಲ ಅದರ ಮನೆ. ಒಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಬೆಳೆದ ಉಣ್ಣಿ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಆದ್ದರಿಂದ ನಾಯಿಗೆ ಮಾತ್ರ ಉಣ್ಣಿ ಕೊಲ್ಲುವ ಔಷಧಿ ಹಾಕಿದರೆ ಸಾಲದು. ಹಳೇ ಗೋಣಿಚೀಲ ಎಸೆಯಿರಿ, ಹಾಸಿಗೆ ಬಟ್ಟೆಯನ್ನು ಕುದಿಯುವ ನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿ, ಗೋಡೆಯ ಬಿರುಕಿಗೆ ಸಿಮೆಂಟ್ ಮೆತ್ತಿ. ಮನೆಯಲ್ಲಿ ಎರಡು ನಾಯಿ ಇದ್ದರೆ ಎರಡಕ್ಕೂ ಒಂದೇ ದಿನ ಔಷಧಿ ಹಾಕಿ, ಕನಿಷ್ಠ ಮೂರ್ನಾಲ್ಕು ತಿಂಗಳು ಬಿಡದೆ ಮುಂದುವರಿಸಿ.

ಔಷಧಿಯಲ್ಲೂ ಹುಷಾರು. ಪರ್ಮೆಥ್ರಿನ್ ಇರುವುದು ಬೆಕ್ಕಿಗೆ ವಿಷ. ಅಮಿಟ್ರಾಜ್ ನೀರಿಗೆ ಎಷ್ಟು ಬೆರೆಸಬೇಕೋ ಅಷ್ಟೇ ಬೆರೆಸಿ, ಒಣಗುವವರೆಗೆ ನೆಕ್ಕಲು ಬಿಡಬೇಡಿ, ಗಾಯವಿದ್ದರೆ ಹಚ್ಚಬೇಡಿ. ಐವರ್‌ಮೆಕ್ಟಿನ್ ಇಂಜೆಕ್ಷನ್ ಕೋಲಿ ಜಾತಿಯ ನಾಯಿಗಳಿಗೆ ಪ್ರಾಣಾಂತಿಕವಾಗಬಹುದು. ಫಿಟ್ಸ್ ಬರುವ ನಾಯಿಗೆ ಉಣ್ಣಿ ತಡೆಯುವ ಬಾಯಿ ಮಾತ್ರೆ ಕೊಡುವ ಮೊದಲು ಡಾಕ್ಟರ್‌ನ ಕೇಳಿ.

ಈಗ ಕೆಂಚ ಮಲಗುವ ಗೋಡೆ ಬರಿದಾಗಿದೆ. ಪ್ರತಿ ಭಾನುವಾರ ಸ್ನಾನಕ್ಕೆ ಮೊದಲು ಅವನ ತುಟಿ ಎತ್ತಿ ನೋಡುತ್ತೇನೆ, ಬೆರಳ ಸಂದು ಬಿಡಿಸುತ್ತೇನೆ, ಕಿವಿಯ ಮಡಿಕೆಗೆ ಬೆರಳು ಹಾಕುತ್ತೇನೆ. ಐದು ನಿಮಿಷದ ಕೆಲಸ. ಈಗೀಗ ನಾನು ಕುರ್ಚಿ ಎಳೆದು ಕೂತರೆ ಅವನೇ ಬಂದು ಗಲ್ಲ ನನ್ನ ಮೊಣಕಾಲ ಮೇಲೆ ಇಡುತ್ತಾನೆ.